ವೆಲ್ಡಿಂಗ್ ಕಲಿಯಲು ಯಾವ ವಿಧಾನದಿಂದ ಆರಂಭಿಸಬೇಕು?

ಪ್ರಶ್ನೆ: ಕಬ್ಬಿಣದ ಕೆಲಸವನ್ನು ಸ್ವತಃ ಕಲಿಯಬೇಕೆಂದಿದ್ದೇನೆ. ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್ ಕಷ್ಟ, ಮಿಗ್ ಸುಲಭ ಎಂದು ಹಲವರು ಹೇಳುತ್ತಾರೆ. ಸುಲಭವಾದುದರಿಂದಲೇ ಆರಂಭಿಸುವುದು ಸರಿಯೇ? ನೇರವಾಗಿ ಟಿಗ್ ಕಲಿಯಬಹುದೇ?

ಉತ್ತರ: ಮೂರು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಸಾದಾ ಉಕ್ಕನ್ನು ಜೋಡಿಸುವುದು ನಿಮ್ಮ ಉದ್ದೇಶವಾಗಿದ್ದರೆ ರಾಡ್ ವೆಲ್ಡಿಂಗ್‌ನಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತೆಳುವಾದ ತಗಡಿನ ಕೆಲಸವೇ ಮುಖ್ಯವಾದರೆ, ಯಂತ್ರ ಒದಗಿಸುವ ತಂತಿಯೇ ಕರಗಿ ಬೆಸುಗೆಯಾಗುವ ಮಿಗ್ ಆರಿಸಿಕೊಳ್ಳಿ, ಏಕೆಂದರೆ ಒಂದು ಮಿಲಿಮೀಟರ್ ತಗಡಿನ ಮೇಲೆ ರಾಡ್ ಹಿಡಿದರೆ ಅನುಭವಿಗಳಿಗೂ ತೂತು ಬೀಳುತ್ತದೆ. ಮಿಗ್ ಸುಲಭ ಎನ್ನುವ ಮಾತು ಸುಳ್ಳಲ್ಲ. ಆದರೆ ಸುಲಭವಾಗುವುದು ನೋಡಲು ಚೆಂದದ ಬೆಸುಗೆ ಹಾಕುವುದು. ಗಟ್ಟಿಯಾದ ಬೆಸುಗೆ ಹಾಕುವುದು ಬೇರೆಯದೇ ವಿಷಯ.

ರಾಡ್ ವೆಲ್ಡಿಂಗ್‌ನಲ್ಲಿ ತಪ್ಪು ಮುಚ್ಚಿಡಲಾಗುವುದಿಲ್ಲ. ಕರೆಂಟ್ ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತದೆ, ಬೆಸುಗೆ ಹಗ್ಗದಂತೆ ಉಬ್ಬಿ ಮೇಲೆಯೇ ನಿಲ್ಲುತ್ತದೆ. ಹೆಚ್ಚಾದರೆ ರಾಡ್ ಕೆಂಪಗಾಗುತ್ತದೆ, ಬೆಸುಗೆಯ ಅಂಚಿನುದ್ದಕ್ಕೂ ಮೂಲ ಲೋಹ ಕೊರೆದುಹೋಗಿ ತೋಡು ಬೀಳುತ್ತದೆ. ರಾಡ್‌ನ ತುದಿ ದೂರವಾದರೆ ಕಿಡಿಗಳು ಸಿಡಿದು ಬೆಸುಗೆ ಚಪ್ಪಟೆಯಾಗಿ ಹರಡುತ್ತದೆ. ಇವೆಲ್ಲವೂ ಬೆಸುಗೆಯ ಮೇಲೆ ಗಟ್ಟಿಯಾಗುವ ಸ್ಲ್ಯಾಗ್ ಎಂಬ ಪದರವನ್ನು ಕೆತ್ತಿದ ಮರುಕ್ಷಣವೇ ಕಣ್ಣಿಗೆ ಕಾಣುವುದರಿಂದ ಪಕ್ಕದಲ್ಲಿ ಗುರುವಿಲ್ಲದಿದ್ದರೂ ತಿದ್ದಿಕೊಳ್ಳಲು ಸಾಧ್ಯ.

ಆರಂಭಕ್ಕೆ 6013 ವರ್ಗದ 2.5 ಮಿಲಿಮೀಟರ್ ರಾಡ್ ಸಾಕು. ಅದಕ್ಕೆ ಸುಮಾರು 70ರಿಂದ 100 ಆಂಪಿಯರ್ ಬೇಕಾಗುತ್ತದೆ. ಎರಡು ತುಂಡುಗಳನ್ನು ಜೋಡಿಸಲು ಆತುರಪಡದೆ, ಆರು ಮಿಲಿಮೀಟರ್ ದಪ್ಪದ ಒಂದು ಪ್ಲೇಟಿನ ಮೇಲೆ ಸಾಲು ಸಾಲಾಗಿ ಬೆಸುಗೆ ಎಳೆಯುತ್ತ ಹೋಗಿ. ರಾಡ್‌ನ ತುದಿ ಮತ್ತು ಪ್ಲೇಟಿನ ನಡುವಿನ ಅಂತರ ಹೆಚ್ಚೆಂದರೆ ರಾಡ್‌ನೊಳಗಿನ ತಂತಿಯ ದಪ್ಪದಷ್ಟಿರಲಿ. ರಾಡ್ ಉರಿದು ಚಿಕ್ಕದಾಗುತ್ತಲೇ ಇರುವುದರಿಂದ, ಮುಂದೆ ಸಾಗುವ ಕೈಯನ್ನು ಅದೇ ಹೊತ್ತಿಗೆ ನಿಧಾನವಾಗಿ ಕೆಳಗಿಳಿಸುತ್ತಲೂ ಇರಬೇಕು; ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ನೋಟವನ್ನು ಆರ್ಕ್‌ನ, ಅಂದರೆ ರಾಡ್ ಮತ್ತು ಪ್ಲೇಟಿನ ನಡುವೆ ಉರಿಯುವ ವಿದ್ಯುತ್ ಜ್ವಾಲೆಯ, ಬೆಳಕಿನ ಮೇಲೆ ನೆಡದೆ, ಅದರ ಹಿಂದೆ ಕರಗಿ ನಿಂತ ಲೋಹದ ಮಡುವಿನ ಮೇಲೆ ಇಡಬೇಕು. ಮಡುವಿನ ಅಗಲ ಒಂದೇ ಸಮನಾಗಿ ಉಳಿಯುವಂತೆ ಸಾಗಿದರೆ ಬೆಸುಗೆಯ ಅಗಲವೂ ಸಮನಾಗಿರುತ್ತದೆ. ಮೇಲೆ ತೇಲುವ ಸ್ಲ್ಯಾಗ್ ಯಾವುದು, ಕೆಳಗಿನ ಲೋಹ ಯಾವುದು ಎಂದು ಕಣ್ಣಿಗೆ ತಿಳಿಯತೊಡಗಿದ ಮೇಲೆ ಉಳಿದ ವಿಧಾನಗಳೆಲ್ಲವೂ ಬೇಗ ಒಗ್ಗುತ್ತವೆ.

ಮಿಗ್‌ನಲ್ಲಿ ಯಂತ್ರವೇ ತಂತಿಯನ್ನು ಒದಗಿಸುವುದರಿಂದ ಕೈ ಇಳಿಸುವ ಕಷ್ಟವಿಲ್ಲ, ಸ್ಲ್ಯಾಗ್ ಕೆತ್ತುವ ಕೆಲಸವೂ ಇಲ್ಲ. ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್‌ನ ಮಿಶ್ರಣ ಕರಗಿದ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಹಾಗಾಗಿ ಬಯಲಿನಲ್ಲಿ ಗಾಳಿ ಬೀಸಿ ಈ ಅನಿಲ ಚದುರಿದರೆ ಬೆಸುಗೆಯೊಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ತುಕ್ಕು ಮತ್ತು ಬಣ್ಣವನ್ನೂ ಈ ವಿಧಾನ ಸಹಿಸುವುದಿಲ್ಲ. ನಿಜವಾದ ಅಪಾಯ ಇನ್ನೊಂದಿದೆ: ದಪ್ಪ ಪ್ಲೇಟಿನ ಮೇಲೆ ಕಡಿಮೆ ವೋಲ್ಟೇಜ್‌ನಲ್ಲಿ ಹಾಕಿದ ಬೆಸುಗೆ ಮೂಲ ಲೋಹದೊಂದಿಗೆ ಬೆರೆಯದೆ ಬರಿದೇ ಅದರ ಮೇಲೆ ಒರಗಿರಬಹುದು, ಹೊರನೋಟಕ್ಕೆ ಮಾತ್ರ ಅಚ್ಚುಕಟ್ಟಾಗಿರಬಹುದು. ಮಿಗ್ ಅನ್ನು ಮೊದಲ ವಿಧಾನವಾಗಿ ಸೂಚಿಸಲು ನಾನು ಹಿಂಜರಿಯುವುದು ಇದೇ ಕಾರಣಕ್ಕೆ.

ಟಿಗ್‌ನಿಂದ ಆರಂಭಿಸಬಾರದೆಂಬ ನಿಯಮವೇನೂ ಇಲ್ಲ, ತಾಳ್ಮೆ ಬೇಕು ಅಷ್ಟೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ತುಂಬುವ ತಂತಿ, ಕೆಲವು ಯಂತ್ರಗಳಲ್ಲಿ ಕಾಲಿನ ಕೆಳಗೆ ಕರೆಂಟ್ ಹೆಚ್ಚುಕಡಿಮೆ ಮಾಡುವ ಪೆಡಲ್. ಟಾರ್ಚಿನ ತುದಿಯಲ್ಲಿ ಆರ್ಕ್ ಹೊತ್ತಿಸುವ ಟಂಗ್‌ಸ್ಟನ್ ಲೋಹದ ಕಡ್ಡಿ ಸುಮಾರು 3,400 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದಿರುವುದರಿಂದ ಆರ್ಕ್ ಸ್ಥಿರವಾಗಿರುತ್ತದೆ. ಅಲ್ಯೂಮಿನಿಯಮ್ ಕೆಲಸಕ್ಕೆ ಎಸಿ ಕರೆಂಟ್ ಇರುವ ಯಂತ್ರವೇ ಬೇಕು: ಆ ಲೋಹ 660 ಡಿಗ್ರಿಯಲ್ಲಿ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ 2,000 ಡಿಗ್ರಿ ದಾಟಿದರೂ ಕರಗದೆ ಉಳಿಯುತ್ತದೆ, ಅದನ್ನು ಒಡೆದು ಚೊಕ್ಕಟ ಮಾಡುವುದು ಎಸಿಯ ಒಂದು ಅರ್ಧ ಆವರ್ತ. ಗ್ಯಾಸ್ ವೆಲ್ಡಿಂಗ್ ಬಲ್ಲವರಿಗೆ ಟಿಗ್‌ನ ಎರಡು ಕೈಗಳ ಹೊಂದಾಣಿಕೆ ಹೊಸದೆನಿಸುವುದಿಲ್ಲ. ಆದರೆ ಗ್ಯಾಸ್ ವೆಲ್ಡಿಂಗ್‌ನಲ್ಲಿ ಉರಿಸುವ ಅಸಿಟಿಲೀನ್ ಅನಿಲ ಒತ್ತಡ ಹೆಚ್ಚಿದರೆ ಆಮ್ಲಜನಕವಿಲ್ಲದೆಯೂ ಸಿಡಿಯಬಲ್ಲದು, ಆದ್ದರಿಂದ ಗ್ಯಾಸ್ ವೆಲ್ಡಿಂಗ್ ಅನ್ನು ಒಬ್ಬರೇ ಓದಿಕೊಂಡು ಕಲಿಯಬೇಡಿ.

ವಿಧಾನ ಯಾವುದೇ ಆಗಿರಲಿ, ಆರ್ಕ್‌ನ ಅತಿನೇರಳೆ ಕಿರಣ ತಾಗಿದ ಕಣ್ಣಿನ ಉರಿ ಆ ಕ್ಷಣಕ್ಕೆ ತಿಳಿಯದೆ ಹಲವು ಗಂಟೆಗಳ ಬಳಿಕ ಶುರುವಾಗುತ್ತದೆ. ಮೇಲೆ ಹೇಳಿದ ಕರೆಂಟ್‌ಗೆ 10 ಅಥವಾ 11ನೆಯ ಸಂಖ್ಯೆಯ ಗಾಜಿರುವ ಹೆಲ್ಮೆಟ್ ಧರಿಸಿ. ವೆಲ್ಡಿಂಗ್ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ, ಹೀಗಾಗಿ ಗಾಳಿಯಾಡುವ ಜಾಗದಲ್ಲಿ, ಹೊಗೆಯ ದಾರಿಯಿಂದ ಮುಖ ತಪ್ಪಿಸಿ ನಿಲ್ಲಬೇಕು. ಸತು ಲೇಪಿಸಿದ ಜಿಐ ಪೈಪುಗಳನ್ನು ಅಭ್ಯಾಸಕ್ಕೆ ಬಳಸಬೇಡಿ. ಅದರ ಹೊಗೆ ಚಳಿಜ್ವರ ತರಿಸುತ್ತದೆ.

ಮಿಗ್ ಆರಿಸಿಕೊಂಡವರು, ಮತ್ತು ರಾಡ್‌ನಿಂದ ಆರಂಭಿಸಿದವರು ಕೂಡ, ಕೆಲವು ತುಂಡುಗಳನ್ನು ಮುರಿದು ನೋಡಲೇಬೇಕು. ಒಂದು ಪ್ಲೇಟಿನ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದು ಬದಿಗೆ ಮಾತ್ರ ಬೆಸುಗೆ ಹಾಕಿ, ತಣ್ಣಗಾದ ಮೇಲೆ ಬೆಸುಗೆಯಿಲ್ಲದ ಬದಿಯಿಂದ ಸುತ್ತಿಗೆಯಲ್ಲಿ ಹೊಡೆದು, ನಿಂತ ಪ್ಲೇಟನ್ನು ಬೆಸುಗೆಯ ಮೇಲೆಯೇ ಮಡಚಿ. ಬೆಸುಗೆ ಬಾಯಿಬಿಟ್ಟಾಗ ಅದರ ಬುಡದಲ್ಲಿ ಪ್ಲೇಟಿನ ಮೂಲ ಅಂಚು ನುಣ್ಣಗೆ, ಕರಗದೆ ಕಂಡರೆ ಕರೆಂಟ್ ಸಾಲದು ಅಥವಾ ಕೈ ತೀರಾ ವೇಗವಾಗಿ ಓಡಿದೆ. ಒಂದನ್ನು ಮಾತ್ರ ಬದಲಿಸಿ ಮತ್ತೊಂದು ತುಂಡು ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ.