ಕೈಗೊಡಲಿಗಿಂತ ಹೆಚ್ಚು ಹೇಳುವ ಚಕ್ಕೆಗಳು

ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಇಸಾಂಪುರ ಎಂಬ ಊರಿದೆ. ನೀರಾವರಿ ಕಾಮಗಾರಿಗೆಂದು ಅಲ್ಲಿನ ಎರೆಮಣ್ಣು ತೆಗೆದಾಗ ಕೆಳಗಿದ್ದ ಸುಣ್ಣಕಲ್ಲಿನ ಹಾಸು ಬಯಲಾಯಿತು. ಆ ಹಾಸಿನ ಮೇಲೆ ಹಳೆ ಶಿಲಾಯುಗದ ಜನ ಕಲ್ಲು ಒಡೆದು ಹತಾರ ಮಾಡಿಕೊಂಡ ಜಾಗವಿತ್ತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ 1990ರ ದಶಕದ ಕೊನೆಯಲ್ಲಿ ಇಲ್ಲಿ ಉತ್ಖನನ ನಡೆಸಿತು. ಸಿಕ್ಕ ಸಾವಿರಾರು ಕಲ್ಲುಗಳಲ್ಲಿ ಪೂರ್ತಿಯಾದ ಹತಾರಗಳು ಕಡಿಮೆ. ಚಕ್ಕೆ, ಚೂರು, ಅರ್ಧಕ್ಕೆ ಬಿಟ್ಟ ತುಂಡುಗಳೇ ಹೆಚ್ಚು. ಇಸಾಂಪುರದ ಬೆಲೆ ಇರುವುದೇ ಈ ಕಸದಲ್ಲಿ.

ಕಲ್ಲು ಹೇಗೆ ಒಡೆಯುತ್ತದೆ ಎಂಬುದು ಗೊತ್ತಾದರೆ ಚಕ್ಕೆಯನ್ನು ಓದಬಹುದು. ಸಾಮಾನ್ಯ ಸುಣ್ಣಕಲ್ಲು ಮೆದು, ಅದರ ಅಂಚು ಬೇಗ ಸವೆಯುತ್ತದೆ. ಇಸಾಂಪುರದ ಸುಣ್ಣಕಲ್ಲಿಗೆ ಮರಳಿನಲ್ಲಿರುವ ಗಟ್ಟಿ ವಸ್ತುವಾದ ಸಿಲಿಕಾ ಸೇರಿಕೊಂಡು ಅದು ಗಟ್ಟಿಯಾಗಿದೆ, ಕಣವೂ ಸಣ್ಣದು. ಇಂಥ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಹೊಡೆದರೆ ಪೆಟ್ಟಿನ ಬಲ ಶಂಕುವಿನ ಆಕಾರದಲ್ಲಿ ಒಳಗೆ ಹರಡಿ ಒಂದು ಚಕ್ಕೆ ಎದ್ದು ಬರುತ್ತದೆ. ಏಟು ಬಿದ್ದ ಬಿಂದುವಿನ ಕೆಳಗೆ, ಚಕ್ಕೆಯ ಒಳಮೈಯಲ್ಲಿ, ಒಂದು ಉಬ್ಬು ನಿಲ್ಲುತ್ತದೆ. ಅಲ್ಲಿಂದ ಸಣ್ಣ ಅಲೆಗಳಂಥ ಗೆರೆಗಳು ಹೊರಡುತ್ತವೆ. ಚಕ್ಕೆ ಕಿತ್ತ ಕಲ್ಲಿನ ಮೇಲೆ ಅದಕ್ಕೆ ಸರಿಹೊಂದುವ ತಗ್ಗು ಉಳಿಯುತ್ತದೆ. ಬಿಸಿಲಿಗೆ ಸಿಡಿದ ಕಲ್ಲಿನಲ್ಲಿ ಈ ಉಬ್ಬು ಕಾಣುವುದಿಲ್ಲ. ಹೊಳೆಯಲ್ಲಿ ಉರುಳಿದ ಕಲ್ಲಿನಿಂದ ಒಂದೆರಡು ಚಕ್ಕೆ ಎದ್ದಿರಬಹುದು, ಆದರೆ ಒಂದೇ ಅಂಚಿನ ಉದ್ದಕ್ಕೂ ಎರಡೂ ಮಗ್ಗುಲಿಂದ ಸಾಲಾಗಿ ಎದ್ದಿದ್ದರೆ ಅದು ಕೈಕೆಲಸ.

ಕೋನ ತಪ್ಪಿದರೆ ಕೆಲಸವೇ ಆರಂಭವಾಗುವುದಿಲ್ಲ. ಹೊಡೆಯುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಮೈಗೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು. ಹಾಸುಗಲ್ಲಿನ ಅಂಚು ಸಾಮಾನ್ಯವಾಗಿ ಚೌಕ. ಹಾಗಾಗಿ ಓರೆ ಅಂಚಿರುವ ಕಲ್ಲಿನ ಹಲಗೆಯನ್ನೇ ಆರಿಸಬೇಕು, ಇಲ್ಲವೇ ಮೊದಲು ಅಂಚನ್ನು ಓರೆ ಮಾಡಿಕೊಳ್ಳಬೇಕು. ಇಸಾಂಪುರದವರು ಹಲಗೆಯ ದಪ್ಪ ನೋಡಿ ದಾರಿ ಬದಲಿಸುತ್ತಿದ್ದರು. ತೆಳು ಹಲಗೆ ಸಿಕ್ಕರೆ ಅದರ ಸುತ್ತ ಚಕ್ಕೆ ಎಬ್ಬಿಸಿ ನೇರವಾಗಿ ಕೈಗೊಡಲಿ, ಎಂದರೆ ಕಾವಿಲ್ಲದೆ ಕೈಯಲ್ಲೇ ಹಿಡಿಯುವ ಚೂಪು ತುದಿಯ ಹತಾರ, ಮಾಡುತ್ತಿದ್ದರು. ದಪ್ಪ ಹಲಗೆಯಾದರೆ ಅದರಿಂದ ದೊಡ್ಡ ಚಕ್ಕೆಗಳನ್ನು ಕಿತ್ತು, ಆ ಚಕ್ಕೆಯನ್ನೇ ಕ್ಲೀವರ್ ಮಾಡುತ್ತಿದ್ದರು. ಕ್ಲೀವರ್ ಎಂದರೆ ಮುಂದೆ ಚೂಪಿನ ಬದಲು ಅಗಲವಾದ ನೇರ ಬಾಯಿ ಇರುವ ಹತಾರ. ಆ ಬಾಯಿಯನ್ನು ಮತ್ತೆ ತಿದ್ದುವುದಿಲ್ಲ, ದೊಡ್ಡ ಚಕ್ಕೆಯ ಸಹಜ ಹರಿತವನ್ನೇ ಉಳಿಸಿಕೊಂಡು ಉಳಿದ ಬದಿಗಳನ್ನು ಮಾತ್ರ ಒಪ್ಪ ಮಾಡುತ್ತಾರೆ. ಎಂದರೆ ಕ್ಲೀವರಿನ ಬಾಯಿ ಎಲ್ಲಿ ಬರಬೇಕು ಎಂಬುದನ್ನು ಆ ಚಕ್ಕೆ ಕೀಳುವ ಮೊದಲೇ ನಿರ್ಧರಿಸಿರಬೇಕು. ನನ್ನ ಮಟ್ಟಿಗೆ ಕೈಗೊಡಲಿಗಿಂತ ಇದು ದೊಡ್ಡ ಜಾಣತನ.

ಸುತ್ತಿಗೆಗೆ ಬೇರೆ ಕಲ್ಲು ಬೇಕು. ಬಸಾಲ್ಟ್, ಕ್ವಾರ್ಟ್‌ಜೈಟ್, ಚರ್ಟ್ ಎಂಬ ಗಟ್ಟಿ ಕಲ್ಲುಗಳ ಉಂಡೆಗಳು ಇಲ್ಲಿ ಸಿಕ್ಕಿವೆ. ಅಂಚಿಗೆ ತೀರಾ ಹತ್ತಿರ ಹೊಡೆದರೆ ಅಂಚು ಪುಡಿಯಾಗುತ್ತದೆ. ತೀರಾ ಒಳಗೆ ಹೊಡೆದರೆ ಚಕ್ಕೆ ಏಳದೆ ಕಲ್ಲಿನೊಳಗೆ ಬಿರುಕು ಕೂರುತ್ತದೆ, ಆಮೇಲಿನ ಯಾವುದೋ ಏಟಿಗೆ ಕಲ್ಲು ಅನಿರೀಕ್ಷಿತ ಕಡೆ ಒಡೆಯುತ್ತದೆ. ಬಲ ಸಾಲದಿದ್ದರೆ ಚಕ್ಕೆ ನಡುದಾರಿಯಲ್ಲೇ ತುಂಡಾಗಿ ಮೆಟ್ಟಿಲಿನಂಥ ಕಟ್ಟೆ ಉಳಿಯುತ್ತದೆ. ಈ ಕಟ್ಟೆಯೇ ದೊಡ್ಡ ತೊಂದರೆ: ಮುಂದಿನ ಚಕ್ಕೆಗಳೂ ಅಲ್ಲೇ ಬಂದು ನಿಲ್ಲುತ್ತವೆ, ನಡುವಿನ ಗುಬ್ಬು ಇಳಿಯುವುದೇ ಇಲ್ಲ, ಅಂಚುಗಳು ಮಾತ್ರ ಸವೆಯುತ್ತ ಹೋಗಿ ಹತಾರ ಸಣ್ಣದೂ ದಪ್ಪವೂ ಆಗುತ್ತದೆ. ಇದನ್ನು ಸರಿಪಡಿಸಲು ಎದುರು ಬದಿಯಿಂದ ಉದ್ದನೆಯ ಚಕ್ಕೆ ಹೊಡೆದು ಕಟ್ಟೆಯನ್ನು ಅಡಿಯಿಂದ ಎತ್ತಬೇಕು. ತೆಳುವಾದ ಮೇಲೆ ಇನ್ನೊಂದು ಅಪಾಯ. ತುದಿಗೆ ಬಿದ್ದ ಏಟಿನ ಅದುರು ಮೈತುಂಬ ಹರಿದು, ಹತಾರ ನಡುವೆ ಅಡ್ಡಲಾಗಿ ಎರಡು ತುಂಡಾಗುತ್ತದೆ.

ಹಲಗೆಯ ಹೊರಮೈಯಲ್ಲಿ ಹವೆಗೆ ಮಾಸಿದ ಸಿಪ್ಪೆ ಇರುತ್ತದೆ. ಬೆನ್ನಿಗೆ ಸಿಪ್ಪೆ ಹೊತ್ತ ಚಕ್ಕೆ ಮೊದಲ ಹಂತದ್ದು. ಬೆನ್ನ ಮೇಲೆ ಹಳೆಯ ಏಟುಗಳ ತಗ್ಗು ಹಲವಿದ್ದು ತಾನು ತೆಳುವಾಗಿದ್ದರೆ ಕೊನೆಯ ಹಂತದ್ದು. ಒಂದು ಜಾಗದಲ್ಲಿ ಎರಡೂ ಬಗೆಯವು ಸುತ್ತಿಗೆ ಕಲ್ಲುಗಳ ಜೊತೆ ಸಿಕ್ಕರೆ ಹತಾರ ಅಲ್ಲೇ ಮೊದಲಿಂದ ಕೊನೆಯವರೆಗೆ ತಯಾರಾಯಿತು ಎಂದು ತಿಳಿಯಬಹುದು. ಹತಾರವಿದ್ದು ಚಕ್ಕೆಗಳಿಲ್ಲದಿದ್ದರೆ ಅದನ್ನು ಬೇರೆ ಕಡೆ ಮಾಡಿ ಹೊತ್ತು ತಂದಿರಬೇಕು, ಇಲ್ಲವೇ ಮಳೆನೀರು ಚಕ್ಕೆಗಳನ್ನು ಕೊಚ್ಚಿರಬೇಕು. ಅಂಚುಗಳು ಉರುಟಾಗಿದ್ದರೆ ನೀರಿನ ಕೆಲಸ.

ಇವನ್ನು ಮಾಡಿದವರು ಯಾರು? ಇಸಾಂಪುರದಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲ. ಫ್ರಾನ್ಸಿನ ಸೇಂಟ್ ಅಶೂಲ್ ಎಂಬ ಜಾಗದಿಂದ ಅಶೂಲಿಯನ್ ಎಂದು ಹೆಸರಾದ ಈ ಹತಾರ ಪದ್ಧತಿ ಪೂರ್ವ ಆಫ್ರಿಕದಲ್ಲಿ ಸುಮಾರು 17.5 ಲಕ್ಷ ವರ್ಷ ಹಿಂದೆಯೇ ಕಾಣುತ್ತದೆ. ಅಲ್ಲಿ ಅದನ್ನು ನಮಗಿಂತ ಹಿಂದಿನ ಮಾನವ ಪ್ರಭೇದವಾದ ಹೋಮೋ ಎರೆಕ್ಟಸ್ ಗುಂಪಿನೊಂದಿಗೆ ಜೋಡಿಸುತ್ತಾರೆ. ಭಾರತದಲ್ಲಿ ದೊರೆತ ಹಳೆಯ ತಲೆಬುರುಡೆ ನರ್ಮದಾ ತೀರದ ಹಥ್ನೋರಾದ್ದು. ಅದು 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕಿತು, ಅದು ಯಾವ ಮಾನವ ಪ್ರಭೇದದ್ದು ಎಂಬ ಚರ್ಚೆ ಮುಗಿದಿಲ್ಲ. ಇಸಾಂಪುರದ ಕಾಲವನ್ನು ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್‌ನಿಂದ, ಎಂದರೆ ಹಲ್ಲಿನ ಗಟ್ಟಿ ಹೊರಪದರದಿಂದ, ಲೆಕ್ಕ ಹಾಕಿದರು. ಮಣ್ಣಿನ ವಿಕಿರಣದಿಂದ ಎನಾಮಲ್‌ನೊಳಗೆ ವರ್ಷ ವರ್ಷ ಸಿಕ್ಕಿಬೀಳುವ ಎಲೆಕ್ಟ್ರಾನುಗಳನ್ನು ಅಳೆಯುವ ವಿಧಾನವಿದು. ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ಚೆನ್ನೈ ಸಮೀಪದ ಅತ್ತಿರಂಪಾಕ್ಕಂನಲ್ಲಿ ಸಿಕ್ಕ ಇದೇ ಪದ್ಧತಿಯ ಹತಾರಗಳಿಗೆ ಪುರಾತತ್ವಜ್ಞೆ ಶಾಂತಿ ಪಪ್ಪು ಅವರ ತಂಡ 2011ರಲ್ಲಿ ಬೇರೆ ವಿಧಾನಗಳಿಂದ ಸುಮಾರು 15 ಲಕ್ಷ ವರ್ಷ ಎಂದು ತೋರಿಸಿತು.

ಹೊಲದಲ್ಲಿ ಇಂಥ ಕಲ್ಲು ಕಂಡಾಗ ಚೆಂದದ ಕೈಗೊಡಲಿಯೊಂದನ್ನೇ ಮನೆಗೆ ಒಯ್ಯುವುದು ನಡೆದೇ ಇದೆ. ಒಯ್ದ ಕ್ಷಣಕ್ಕೆ ಅದಕ್ಕೂ ಸುತ್ತಲಿನ ಚಕ್ಕೆಗಳಿಗೂ ಇದ್ದ ನಂಟು ಕಡಿಯುತ್ತದೆ, ಆಮೇಲೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಕೂಡಿಸಲಾರದು. ಕಲ್ಲನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಜಾಗ ಗುರುತಿಸಿ, ಸುತ್ತ ನಾಲ್ಕಾರು ಹೆಜ್ಜೆಯಲ್ಲಿ ಚಕ್ಕೆಗಳಿವೆಯೇ ಎಂದು ಬರೆದುಕೊಂಡು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.