ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ನರ್ಸ್ ಏನು ಕೇಳಬೇಕು, ಹೇಗೆ ಹೇಳಬೇಕು

"ಸಿಸ್ಟರ್, ಆ ಮಾತ್ರೆ ತಗೊಂಡ್ರೆ ಕ್ಯಾನ್ಸರ್ ಬರುತ್ತಂತೆ, ಹೌದಾ?"

ಡಾಕ್ಟರ್ ಮುಂದೆ ಬಾಯಿಗೆ ಬಾರದ ಈ ಪ್ರಶ್ನೆ ನಾವು ಬಿಪಿ ನೋಡುವಾಗ ಬರುತ್ತದೆ. "ಸುಮ್ನೆ ಹೆದರಬೇಡಿ ಅಮ್ಮ" ಅಂದರೆ ಅದು ಉತ್ತರ ಆಗುವುದಿಲ್ಲ. ಲೆಕ್ಕ ಬಿಡಿಸಿ ಹೇಳಬೇಕು.

ಈ ಭಯ ಹರಡಿದ್ದು 2002ರಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗದಲ್ಲಿ 16,608 ಹೆಂಗಸರಿದ್ದರು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ) ಎರಡನ್ನೂ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಜಾಸ್ತಿ ಎಂದು ಸುದ್ದಿಯಾಯಿತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅದನ್ನೇ ತಲೆಲೆಕ್ಕದಲ್ಲಿ ನೋಡಿ: ಹೋಲಿಕೆಗೆಂದು ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ ವರ್ಷಕ್ಕೆ 10,000ಕ್ಕೆ 30 ಜನಕ್ಕೆ ಕ್ಯಾನ್ಸರ್ ಬಂತು, ಹಾರ್ಮೋನ್ ತಗೊಂಡವರಲ್ಲಿ 38. ಅಂದರೆ 8 ಜನ ಜಾಸ್ತಿ. ಅಪಾಯ ಇಲ್ಲ ಅಂತಲ್ಲ, ಎಷ್ಟು ಅಂತ ಅವರಿಗೂ ಗೊತ್ತಾಗಬೇಕು ಅಲ್ವಾ? ಇನ್ನೊಂದು ಮಾತು. ಆ ಹೆಂಗಸರ ಸರಾಸರಿ ವಯಸ್ಸು 63. ನಮ್ಮ ಹತ್ತಿರ ಬರುವವರು ಬಹುಪಾಲು 45ರಿಂದ 55ರ ಒಳಗಿನವರು. 60 ದಾಟದ, ಅಥವಾ ಮುಟ್ಟು ನಿಂತು 10 ವರ್ಷ ಆಗದ, ಬೇರೆ ತೊಡಕಿಲ್ಲದ ಹೆಂಗಸಿಗೆ ಮೈ ಧಗಧಗ ಉರಿ, ರಾತ್ರಿ ಬೆವರು ತಡೆಯಲಾಗದಷ್ಟಿದ್ದರೆ ಸಾಮಾನ್ಯವಾಗಿ ಲಾಭವೇ ಹೆಚ್ಚು.

ಇನ್ನು ನಾವು ಕೇಳಬೇಕಾದ ಪ್ರಶ್ನೆ: ಗರ್ಭಕೋಶ ಇದೆಯಾ? ಇದ್ದವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅಲ್ಲಿ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್ ಜೊತೆಗಿರಬೇಕು. ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಅದೇ ಅಧ್ಯಯನದಲ್ಲಿ ಇಂಥವರ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿಯಾಗಲಿಲ್ಲ.

ಇಲ್ಲೇ ಎಡವುವುದು ಸುಲಭ. ನಮ್ಮ ಕಡೆ "ಆಪರೇಷನ್ ಆಗಿದೆ ಸಿಸ್ಟರ್" ಅಂದರೆ ಬಹಳ ಸಲ ಮಕ್ಕಳಾಗದಂತೆ ಮಾಡಿಸಿಕೊಂಡ ಆಪರೇಷನ್. ಗರ್ಭಕೋಶ ಹಾಗೇ ಇರುತ್ತದೆ. "ಆಮೇಲೂ ತಿಂಗಳು ತಿಂಗಳು ಮುಟ್ಟಾಗುತ್ತಿತ್ತಾ?" ಎಂದು ಕೇಳಿ. ಡಿಸ್ಚಾರ್ಜ್ ಚೀಟಿ ಇದ್ದರೆ ತರಿಸಿ ನೋಡಿ.

ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಜೋರಾದ ಲಿವರ್ ಕಾಯಿಲೆ: ಇವುಗಳಲ್ಲಿ ಒಂದಿದ್ದರೂ ದೊಡ್ಡದಾಗಿ ಬರೆದು ಡಾಕ್ಟರಿಗೆ ತಿಳಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡಿದ್ದರೆ ಮೊದಲು ಅದರ ಕಾರಣ ಹುಡುಕಬೇಕು, ಹಾರ್ಮೋನ್ ಮಾತು ಆಮೇಲೆ. ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವ ಜೆಲ್‌ನಲ್ಲಿ ಅದು ಕಡಿಮೆ.

ಕೊನೆಗೆ ಕೇಳಬೇಕಾದದ್ದು ಅವರಾಗಿ ಹೇಳದ ವಿಷಯ: ಕೆಳಗೆ ಒಣಗಿ ಉರಿಯುತ್ತದಾ, ಗಂಡನ ಜೊತೆ ಸೇರುವಾಗ ನೋವಾ? ಪರದೆ ಎಳೆದು, ಜೊತೆಗೆ ಬಂದ ಸೊಸೆಯನ್ನು ಹೊರಗೆ ಕೂರಿಸಿ ಕೇಳಿ. ಅದೊಂದೇ ತೊಂದರೆಯಾಗಿದ್ದರೆ ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬಹುದು.