ಬಾಂಡ್ ಲಾಗ್ ಚೆನ್ನಾಗಿ ಬಂದರೆ ಬಾವಿ ಭದ್ರವೇ?

ಪ್ರಶ್ನೆ: ತೈಲಬಾವಿಗೆ ಸಿಮೆಂಟ್ ಹಾಕಿದ ಮೇಲೆ ಅದರ ಹಿಡಿತ ಅಳೆಯಲು ಬಾಂಡ್ ಲಾಗ್ ತೆಗೆಯುತ್ತಾರಂತೆ. ಅದು ಚೆನ್ನಾಗಿ ಬಂದರೆ ಇನ್ನು ಸೋರುವ ಭಯವಿಲ್ಲ ಎಂದು ತಿಳಿಯಬಹುದೇ?

ಉತ್ತರ: ಇಲ್ಲ. ಕೇಸಿಂಗ್ ಕೊಳವೆಯ ಹಿಂದೆ ಗಟ್ಟಿಯಾದದ್ದೇನಾದರೂ ಅಂಟಿಕೊಂಡಿದೆಯೇ ಎಂಬುದನ್ನು ಲಾಗ್ ಹೇಳುತ್ತದೆ. ಗ್ಯಾಸ್ ಅದನ್ನು ದಾಟಿ ಬರುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಕೊರೆದ ಬಾವಿಗೆ ಉಕ್ಕಿನ ಕೇಸಿಂಗ್ ಇಳಿಸಿ, ಅದರೊಳಗಿಂದ ಸಿಮೆಂಟ್ ಹಾಲನ್ನು ಪಂಪ್ ಮಾಡುತ್ತಾರೆ. ಅದು ತಳದಲ್ಲಿ ಹೊರಬಿದ್ದು, ಕೇಸಿಂಗ್‌ಗೂ ಬಂಡೆಗೂ ನಡುವಿನ ಸಂದಿನಲ್ಲಿ ಮೇಲೇರಿ ಗಟ್ಟಿಯಾಗಬೇಕು. ಸಂದು ಕೆಲವೇ ಸೆಂಟಿಮೀಟರ್, ಆಳವೋ ಕಿಲೋಮೀಟರ್‌ಗಟ್ಟಲೆ. ಇಳಿದು ನೋಡುವಂತಿಲ್ಲ, ಶಬ್ದವನ್ನೇ ನಂಬಬೇಕು. ತೂಗುಬಿಟ್ಟ ಜಾಗಟೆ ಬಡಿದರೆ ಮೊಳಗುತ್ತದೆ, ಅಂಗೈ ಒತ್ತಿಹಿಡಿದು ಬಡಿದರೆ ದನಿ ಅಲ್ಲೇ ಅಡಗುತ್ತದೆ. ಲಾಗಿಂಗ್ ಉಪಕರಣ ಕೇಸಿಂಗ್‌ನೊಳಗೆ ನಿಂತು ಸುಮಾರು 20 ಕಿಲೋಹರ್ಟ್ಸ್‌ನ ಶಬ್ದ ಬಿಟ್ಟು, 3 ಅಡಿ ದೂರದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುತ್ತದೆ. 7 ಇಂಚಿನ ಕೊಳವೆಯ ಹಿಂದೆ ಸಿಮೆಂಟ್ ಇಲ್ಲದಿದ್ದರೆ 60 ಮಿಲಿವೋಲ್ಟ್ ಆಸುಪಾಸು ಬರುತ್ತದೆ. ಚೆನ್ನಾಗಿ ಹಿಡಿದಿದ್ದರೆ ಕೆಲವೇ ಮಿಲಿವೋಲ್ಟ್.

ತೊಂದರೆ ಇರುವುದು ನಡುವಿನ ಅಂಕಿಗಳಲ್ಲಿ. ಈ ಅಳತೆ ಕೊಳವೆಯ ಸುತ್ತಳತೆಗೆಲ್ಲ ಒಂದು ಸರಾಸರಿ. ಸುತ್ತಲೂ ದುರ್ಬಲ ಸಿಮೆಂಟ್ ಇದ್ದರೂ, ಮುಕ್ಕಾಲು ಭಾಗ ಗಟ್ಟಿ ಸಿಮೆಂಟ್ ಇದ್ದು ಒಂದು ಪಕ್ಕದಲ್ಲಿ ಮಡ್‌ನ (ಕೊರೆಯುವಾಗ ಬಾವಿಯಲ್ಲಿ ತುಂಬಿರುವ ಕೆಸರಿನಂಥ ದ್ರವದ) ಕಾಲುವೆ ಉಳಿದಿದ್ದರೂ ಅಂಕಿ ಒಂದೇ ಬರಬಹುದು. ಮೊದಲನೆಯದು ಬಹುಶಃ ತಡೆಯುತ್ತದೆ, ಎರಡನೆಯದು ಗ್ಯಾಸ್‌ಗೆ ತೆರೆದ ದಾರಿ. ಉಪಕರಣ ಕೊಳವೆಯ ನಡುವೆ ನಿಲ್ಲದೆ ಪಕ್ಕಕ್ಕೆ ವಾಲಿದರೆ ಇನ್ನೂ ಅಪಾಯ. ಆಗ ಶಬ್ದ ಸುಮ್ಮನೆ ಕುಗ್ಗಿ, ಇಲ್ಲದ ಸಿಮೆಂಟ್ ಇದ್ದಂತೆ ಕಾಣುತ್ತದೆ. ಉಪಕರಣ ವಾಲಿದೆಯೇ ಎಂದು ತಿಳಿಯಲು ಶಬ್ದ ತಲುಪಿದ ಸಮಯವನ್ನು ಮೊದಲು ನೋಡದೆ ಮಿಲಿವೋಲ್ಟ್ ಓದುವವರ ವರದಿಯನ್ನು ನಾನಂತೂ ನಂಬುವುದಿಲ್ಲ.

ಇದಕ್ಕೆ ಉಲ್ಟಾ ಮೋಸವೂ ಉಂಟು. ಸಿಮೆಂಟ್ ಗಟ್ಟಿಯಾದ ಮೇಲೆ ಒಳಗಿನ ಒತ್ತಡ ಇಳಿಸಿದರೆ ಉಕ್ಕು ಒಂದಿಷ್ಟು ಕುಗ್ಗಿ, ಅದಕ್ಕೂ ಸಿಮೆಂಟ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಷ್ಟಕ್ಕೇ ಒಳ್ಳೆಯ ಸಿಮೆಂಟ್ ಕೆಟ್ಟದ್ದಾಗಿ ಕಾಣುತ್ತದೆ. ಕೇಸಿಂಗ್‌ಗೆ 1,000 ಪಿಎಸ್‌ಐ ಆಸುಪಾಸು ಒತ್ತಡ ಕೊಟ್ಟು ಮತ್ತೆ ಲಾಗ್ ಮಾಡಿದಾಗ ಚಿತ್ರ ಸುಧಾರಿಸಿದರೆ ಕಾರಣ ಇದೇ ಎಂದು ತಿಳಿಯುತ್ತದೆ.

ಕಾಲುವೆ ಹುಡುಕಲು ತಿರುಗುತ್ತಾ ನೋಡುವ ಅಲ್ಟ್ರಾಸಾನಿಕ್ ಉಪಕರಣ ಬೇಕು. ಅದು ಸುತ್ತಲೂ 5 ಅಥವಾ 10 ಡಿಗ್ರಿಗೊಂದರಂತೆ ಅಳೆದು, ಕೊಳವೆಯ ಹಿಂದಿನ ವಸ್ತು ಶಬ್ದಕ್ಕೆ ಎಷ್ಟು ತಡೆ ಒಡ್ಡುತ್ತದೆ ಎಂಬ ನಕ್ಷೆ ಕೊಡುತ್ತದೆ. ಈ ತಡೆಯ ಅಳತೆ ಮೆಗಾರೇಲ್: ನೀರು ಸುಮಾರು 1.5, ಮಾಮೂಲಿ ಸಿಮೆಂಟ್ 5ರಿಂದ 7. ಆದರೆ ನೈಟ್ರೋಜನ್ ತುಂಬಿದ ನೊರೆ ಸಿಮೆಂಟ್‌ನ ಅಂಕಿ ಭಾರವಾದ ಮಡ್‌ನ ಅಂಕಿಯ ಹತ್ತಿರ ಬಂದು ನಿಲ್ಲುತ್ತದೆ. ಆಗ ನಕ್ಷೆಯೂ ತಡವರಿಸುತ್ತದೆ.

ಮೆಕ್ಸಿಕೋ ಕೊಲ್ಲಿಯ ಮಕಾಂಡೋ ಬಾವಿಗೆ ಹಾಕಿದ್ದು ಅಂಥ ನೊರೆ ಸಿಮೆಂಟನ್ನೇ. ಕೇಸಿಂಗನ್ನು ನಡುವೆ ನಿಲ್ಲಿಸಲು 21 ಸೆಂಟ್ರಲೈಸರ್ ಬೇಕೆಂದು ಸಿಮೆಂಟ್ ಕೆಲಸ ವಹಿಸಿಕೊಂಡಿದ್ದ ಹ್ಯಾಲಿಬರ್ಟನ್ ಕಂಪನಿಯ ಲೆಕ್ಕ ಹೇಳಿತ್ತು, ಇಳಿಸಿದ್ದು 6. ಪಂಪ್ ಮಾಡುವಾಗ ಮಡ್ ಬಂಡೆಗೆ ಸೋರದೆ ಪೂರ್ತಿ ಮರಳಿ ಬಂತೆಂಬ ಕಾರಣಕ್ಕೆ, ಲಾಗ್ ತೆಗೆಯಲು ಬಂದಿದ್ದ ಶ್ಲಂಬರ್ಜರ್ ತಂಡವನ್ನು 2010ರ ಏಪ್ರಿಲ್ 20ರ ಬೆಳಗ್ಗೆ ವಾಪಸ್ ಕಳಿಸಿದರು. ಆ ರಾತ್ರಿ ಬಾವಿ ಕೊರೆಯುತ್ತಿದ್ದ ತೇಲುವ ರಿಗ್ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ 11 ಜನ ಸತ್ತರು.

ಲಾಗ್ ತೆಗೆದಿದ್ದರೆ ಅವರು ಉಳಿಯುತ್ತಿದ್ದರು ಎಂದು ಹಲವರು ಬರೆಯುತ್ತಾರೆ. ನನಗೆ ಅಷ್ಟು ಖಚಿತವಿಲ್ಲ. ತನಿಖೆಗಳ ಪ್ರಕಾರ ಗ್ಯಾಸ್, ತೈಲ ನುಗ್ಗಿದ್ದು ಕೇಸಿಂಗ್‌ನ ತಳದ ತುದಿಯಲ್ಲಿದ್ದ ಸಿಮೆಂಟ್ ಮೂಲಕ. ಲಾಗಿಂಗ್ ಉಪಕರಣ ಅಲ್ಲಿಗೆ ತಲುಪುವುದೇ ಇಲ್ಲ, ಅದಕ್ಕೂ ಮೇಲಿರುವ ಫ್ಲೋಟ್ ಕಾಲರ್ ಎಂಬ ವಾಲ್ವ್‌ನಲ್ಲೇ ನಿಲ್ಲುತ್ತದೆ. ನಿಜವಾದ ಎಚ್ಚರಿಕೆ ಸಿಕ್ಕಿದ್ದು ಅದೇ ಸಂಜೆಯ ನೆಗೆಟಿವ್ ಪ್ರೆಶರ್ ಟೆಸ್ಟ್‌ನಲ್ಲಿ. ಬಾವಿಯ ಮೇಲ್ಭಾಗದ ಭಾರದ ಮಡ್ ಬದಲು ಸಮುದ್ರದ ನೀರು ತುಂಬಿ, ಒಳಗಿನ ಒತ್ತಡ ತಗ್ಗಿಸಿ, ಹೊರಗಿನಿಂದ ಏನಾದರೂ ನುಗ್ಗುತ್ತದೆಯೇ ನೋಡುವ ಪರೀಕ್ಷೆ ಅದು. ಡ್ರಿಲ್ ಪೈಪ್‌ನಲ್ಲಿ 1,400 ಪಿಎಸ್‌ಐ ತೋರಿಸಿತು. ಅಲ್ಲಿ ಸೊನ್ನೆ ಇರಬೇಕಿತ್ತು. ಪಕ್ಕದಲ್ಲೇ ಬಾವಿಗೆ ಇಳಿಯುವ ಇನ್ನೊಂದು ಕೊಳವೆಯಾದ ಕಿಲ್ ಲೈನ್‌ನಲ್ಲಿ ಹರಿವು ಕಾಣದಿದ್ದುದನ್ನು ಹಿಡಿದುಕೊಂಡು ಪರೀಕ್ಷೆ ಪಾಸೆಂದು ಒಪ್ಪಿದರು.

ಹಾಗಾಗಿ ಯಾರಾದರೂ ಲಾಗ್ ತೋರಿಸಿದರೆ ಜೊತೆಗೆ ಪಂಪಿಂಗ್ ದಾಖಲೆ ಕೇಳಿ, ಸೆಂಟ್ರಲೈಸರ್ ಎಷ್ಟು ಇಳಿದವು ಕೇಳಿ, ಸಿಮೆಂಟ್ ಗಟ್ಟಿಯಾಗಲು ಎಷ್ಟು ಗಂಟೆ ಕಾದರು ಕೇಳಿ, ಒತ್ತಡದ ಪರೀಕ್ಷೆಯ ಗ್ರಾಫ್ ಕೇಳಿ. ಇನ್ನೊಂದು ಮಾತು: ಲಾಗ್ ಆ ದಿನದ ಸ್ಥಿತಿಯಷ್ಟೇ. ವರ್ಷಗಟ್ಟಲೆ ಉತ್ಪಾದನೆಯಲ್ಲಿ ಕೇಸಿಂಗ್ ಕಾದು ತಣಿದು, ಹಿಗ್ಗಿ ಕುಗ್ಗಿ, ಸಿಮೆಂಟ್ ಬಿರುಕು ಬಿಡಬಹುದು. ಬಾವಿಯ ತಲೆಯಲ್ಲಿ ಕೇಸಿಂಗ್‌ಗಳ ನಡುವಿನ ಸಂದಿಗೆ ಜೋಡಿಸಿದ ಗೇಜ್ ನೋಡಬೇಕು. ಅಲ್ಲಿನ ಒತ್ತಡ ಬಿಟ್ಟು ಸೊನ್ನೆಗಿಳಿಸಿ ವಾಲ್ವ್ ಮುಚ್ಚಿದ ಮೇಲೂ ಅದು ಮತ್ತೆ ಮತ್ತೆ ಏರುತ್ತಿದ್ದರೆ ಬಾವಿಯಲ್ಲಿ ಎಲ್ಲೋ ಸೋರಿಕೆ ಇದೆ, ಹಳೆಯ ಲಾಗ್ ಎಷ್ಟೇ ಚೆನ್ನಾಗಿರಲಿ.